ಅಪ್ಪನನ್ನು ‘ಸ್ಟಡಿ’ಗೆ ಸೇರಿಸಿಕೊಳ್ತೀವಿ ಅಂತಿದ್ದಾರೆ. ವಿಶ್ವವಿದ್ಯಾಲಯವೇ ಪ್ರಾಯೋಜಕ ಅಂದ್ರೆ ಏನರ್ಥ?

ತೋಟದಮನೆ ಮಗಳು
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 64 ವರ್ಷ. ಒಂದೂವರೆ ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಒಂದು ಸ್ಟೆಂಟ್ ಹಾಕಿದ್ದಾರೆ. ಈಗ ಆರಾಮಾಗಿದ್ದಾರೆ, ಬೆಳಿಗ್ಗೆ ತೋಟಕ್ಕೆ ಹೋಗಿ ಬರುತ್ತಾರೆ. ನಿನ್ನೆ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಚೆಕಪ್‌ಗೆ ಹೋಗಿದ್ದೆವು. ಎಕೋ (ಹೃದಯದ ಸ್ಕ್ಯಾನ್) ನೋಡಿ, ಹೃದಯದ ಪಂಪಿಂಗ್ ಚೆನ್ನಾಗಿದೆ, ಒಂದು ಸ್ಟಡಿ ನಡೀತಿದೆ ಸೇರ್ತೀರಾ ಅಂತ ಡಾಕ್ಟರು ಕೇಳಿದರು.

ಅಟ್ಯಾಕ್ ಆದಾಗಿನಿಂದ ಅಪ್ಪ ನುಂಗುತ್ತಿರುವ ಬೀಟಾ ಬ್ಲಾಕರ್ (ಹೃದಯದ ಬಡಿತ ನಿಧಾನ ಮಾಡುವ) ಮಾತ್ರೆ ಮುಂದೆಯೂ ಬೇಕೋ, ನಿಲ್ಲಿಸಬಹುದೋ ಅಂತ ನೋಡುವ ಸ್ಟಡಿ ಅಂತೆ. ಅರ್ಧ ಜನ ಮುಂದುವರಿಸುತ್ತಾರೆ. ಉಳಿದ ಅರ್ಧ ಜನರಿಗೆ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿ ನಿಲ್ಲಿಸುತ್ತಾರೆ. ಯಾರು ಯಾವ ಗುಂಪಿಗೆ ಅನ್ನೋದು ಕಂಪ್ಯೂಟರ್ ಹೇಳುತ್ತದಂತೆ.

ಹನ್ನೊಂದು ಪುಟದ ಕನ್ನಡ ಫಾರಂ ಕೊಟ್ಟು, ಮನೆಗೆ ಒಯ್ದು ಓದಿ, ಅವಸರ ಇಲ್ಲ ಅಂದರು. ಓದಿದರೆ ತಲೆ ಬುಡ ತಿಳಿಯುತ್ತಿಲ್ಲ. ‘ಯಾದೃಚ್ಛಿಕ ಹಂಚಿಕೆ’ ಅಂತಿದೆ. ‘ಪ್ರಾಯೋಜಕರು’ ಅನ್ನುವ ಜಾಗದಲ್ಲಿ ವಿಶ್ವವಿದ್ಯಾಲಯದ ಹೆಸರಿದೆ. ಔಷಧ ಕಂಪನಿ ಹೆಸರು ಎಲ್ಲೂ ಇಲ್ಲ. ಇದು ಒಳ್ಳೆಯದೋ ಕೆಟ್ಟದ್ದೋ? ಅಮ್ಮ ಮಾತ್ರ ‘ನಮ್ಮವರ ಮೇಲೆ ಪ್ರಯೋಗ ಬೇಡ’ ಅಂತ ಹಟ ಹಿಡಿದಿದ್ದಾರೆ.

ಸೀದಾ ಮಾತು
ಬೇಡ ಅನ್ನಿ. ಚೆನ್ನಾಗಿರುವ ಮನುಷ್ಯನ ಮಾತ್ರೆ ನಿಲ್ಲಿಸಿ ಏನಾಗುತ್ತೆ ನೋಡೋಣ ಅನ್ನೋದು ಯಾವ ನ್ಯಾಯ?

ಬಯಲುಸೀಮೆ ಬಸವ
ಅಮ್ಮ ಹೇಳಿದ್ದೇ ಸರಿ. ದೊಡ್ಡವರ ಮಾತು ಕೇಳಿ.

ಕೋಆರ್ಡಿನೇಟರ್ ಅಕ್ಕ
ತಂಗಿ, ಗಾಬರಿ ಬೇಡ. ನಾನು ಒಂಬತ್ತು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ, ಸ್ಟಡಿ ಕೋಆರ್ಡಿನೇಟರ್. ದಿನಾ ಇಂಥ ಫಾರಂ ಹಿಡಿದುಕೊಂಡು ರೋಗಿಗಳ ಪಕ್ಕ ಕೂರುವವಳು. ಎಲ್ಲರೂ ಎಡವುವುದು ನೀವು ಕೇಳಿದ ಆ ಒಂದು ಪದದ ಹತ್ತಿರವೇ.

‘ಪ್ರಾಯೋಜಕರು’ ಅಂದ ಕೂಡಲೇ ನಮಗೆ ನೆನಪಾಗುವುದು ರೇಡಿಯೋ, ಟೀವಿ. ‘ಈ ಕಾರ್ಯಕ್ರಮದ ಪ್ರಾಯೋಜಕರು’ ಅಂತ ಸೋಪಿನ ಕಂಪನಿ ಹೆಸರು ಹೇಳುತ್ತಾರಲ್ಲ, ಹಾಗೆ ದುಡ್ಡು ಕೊಟ್ಟವರು ಅಂದುಕೊಳ್ಳುತ್ತೇವೆ. ರೋಗಿಗಳಲ್ಲಿ ಚಿಕಿತ್ಸೆ ಪರೀಕ್ಷಿಸುವ ಇಂಥ ಸ್ಟಡಿ, ಅಂದರೆ ಕ್ಲಿನಿಕಲ್ ಟ್ರಯಲ್‌ನಲ್ಲಿ ಅರ್ಥ ಬೇರೆ. ಇಲ್ಲಿ ಪ್ರಾಯೋಜಕ ಅಂದರೆ ಹೊಣೆಗಾರ. ಟ್ರಯಲ್ ಶುರು ಮಾಡುವುದು, ಸರಿಯಾಗಿ ನಡೆಸುವುದು, ಲೆಕ್ಕ ಇಡುವುದು, ಯಾರಿಗಾದರೂ ತೊಂದರೆಯಾದರೆ ಉತ್ತರ ಕೊಡುವುದು, ಎಲ್ಲ ಅವರ ತಲೆ ಮೇಲೆ. ದುಡ್ಡು ಇನ್ಯಾರೋ ಕೊಟ್ಟಿರಬಹುದು.

ಕೋವಿಡ್ ಕಾಲದ ರಿಕವರಿ ಟ್ರಯಲ್ ಇದಕ್ಕೆ ಒಳ್ಳೆ ಉದಾಹರಣೆ. 2020ರ ಮಾರ್ಚ್‌ನಲ್ಲಿ ಇಂಗ್ಲೆಂಡಿನಲ್ಲಿ ಶುರುವಾಯಿತು. ಪ್ರಾಯೋಜಕರು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ, ಹಣ ಹೆಚ್ಚಾಗಿ ಅಲ್ಲಿನ ಸರ್ಕಾರದ್ದು. ಡೆಕ್ಸಾಮೆಥಾಸೋನ್ ಅನ್ನುವ ಹಳೇ ಸ್ಟೆರಾಯ್ಡ್ ಇದೆಯಲ್ಲ, ಚಿಲ್ಲರೆ ಕಾಸಿಗೆ ಸಿಗುವಂಥದ್ದು, ಅದನ್ನು 2,104 ರೋಗಿಗಳಿಗೆ ಕೊಟ್ಟರು. 4,321 ಜನರಿಗೆ ಮಾಮೂಲಿ ಚಿಕಿತ್ಸೆ ಮಾತ್ರ. ವೆಂಟಿಲೇಟರ್ ಮೇಲಿದ್ದವರಲ್ಲಿ 28 ದಿನದೊಳಗೆ ತೀರಿಕೊಂಡವರು ಮಾಮೂಲಿ ಗುಂಪಿನಲ್ಲಿ ನೂರಕ್ಕೆ 41.4, ಸ್ಟೆರಾಯ್ಡ್ ಗುಂಪಿನಲ್ಲಿ 29.3. ಜೂನ್ 16ಕ್ಕೆ ಫಲಿತಾಂಶ ಬಂತು, ಆಮೇಲೆ ಲೋಕದ ತುಂಬ ಆಸ್ಪತ್ರೆಗಳು ಅದನ್ನೇ ಕೊಟ್ಟವು. ಪೇಟೆಂಟ್ ಮುಗಿದ ಮಾತ್ರೆಗೆ ಯಾವ ಕಂಪನಿ ಇಷ್ಟು ಖರ್ಚು ಮಾಡುತ್ತೆ ಹೇಳಿ?

ನಿಮ್ಮಪ್ಪನ ಸ್ಟಡಿಯೂ ಅದೇ ಜಾತಿಯದ್ದು. ‘ಈ ಮಾತ್ರೆ ನಿಲ್ಲಿಸಬಹುದಾ’ ಅಂತ ಕೇಳಿದರೆ ಲಾಭ ಆಗುವುದು ನುಂಗುವವರಿಗೆ, ಮಾರುವವರಿಗಲ್ಲ. ಇಂಥ ಪ್ರಶ್ನೆ ಕೇಳುವವರು ಹೆಚ್ಚಾಗಿ ವಿಶ್ವವಿದ್ಯಾಲಯದವರೇ.

ಮಂಗಳೂರು ಮೀನು
ರಿಕವರಿಯ ಇನ್ನೊಂದು ಅರ್ಧವನ್ನೂ ಹೇಳಿ ಅಕ್ಕ. ಆಕ್ಸಿಜನ್ ಬೇಕಿಲ್ಲದವರಿಗೆ ಅದೇ ಸ್ಟೆರಾಯ್ಡ್‌ನಿಂದ ಏನೂ ಉಪಯೋಗ ಕಾಣಲಿಲ್ಲ. ನಮ್ಮಲ್ಲಿ 2021ರಲ್ಲಿ ಆ ಅರ್ಧವನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಜ್ವರ ಬಂದ ಮೊದಲ ದಿನವೇ ವಾಟ್ಸಾಪ್ ಚೀಟಿ ನೋಡಿ ನುಂಗಿದರು. ನನ್ನ ಚಿಕ್ಕಪ್ಪನಿಗೆ ಶುಗರ್ ಇತ್ತು. ಸ್ಟೆರಾಯ್ಡ್ ನುಂಗಿ ಶುಗರ್ ನಾನೂರು ದಾಟಿತು, ಆಮೇಲೆ ಬ್ಲ್ಯಾಕ್ ಫಂಗಸ್. ಒಂದು ಕಣ್ಣು ಹೋಯಿತು. ಟ್ರಯಲ್ ಮಾಡಿದವರು ಸರಿಯಾಗಿಯೇ ಹೇಳಿದ್ದರು, ಯಾರಿಗೆ ಕೊಡಬೇಕು, ಯಾರಿಗೆ ಬೇಡ ಅಂತ.

ತೋಟದಮನೆ ಮಗಳು
ಅಯ್ಯೋ, ಚಿಕ್ಕಪ್ಪ ಈಗ ಹೇಗಿದ್ದಾರೆ?

ಮಂಗಳೂರು ಮೀನು
ಇದ್ದಾರೆ ಅಕ್ಕ, ಅಂಗಡಿಗೂ ಹೋಗ್ತಾರೆ. ಅಭ್ಯಾಸ ಆಗಿದೆ.

ಸೀದಾ ಮಾತು
ಆಕ್ಸ್‌ಫರ್ಡ್ ಕಥೆ ಇರಲಿ, ನಮ್ಮ ದೇಶದ್ದು ಹೇಳಿ. 2009-10ರಲ್ಲಿ ಆಂಧ್ರ ಮತ್ತು ಗುಜರಾತ್‌ನಲ್ಲಿ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿದರಲ್ಲ, ಎಷ್ಟೋ ಕಡೆ ಅಪ್ಪ ಅಮ್ಮನ ಬದಲು ಹಾಸ್ಟೆಲ್ ವಾರ್ಡನ್ನೇ ಸಹಿ ಹಾಕಿದ್ದರು. ಬಡವರ ಮಕ್ಕಳು ಅಂತ ತಾನೇ? ನಿಮ್ಮ ಹನ್ನೊಂದು ಪುಟದ ಫಾರಂ ಅಲ್ಲಿ ಏನು ಮಾಡಿತು?

ಕೋಆರ್ಡಿನೇಟರ್ ಅಕ್ಕ
ನಿಮ್ಮ ಸಿಟ್ಟು ನ್ಯಾಯವಾದದ್ದು. ಅದನ್ನು ನಡೆಸಿದ್ದು ವಿಶ್ವವಿದ್ಯಾಲಯ ಅಲ್ಲ, ಒಂದು ಸಂಸ್ಥೆ. ಹಾಗಂತ ವಿಶ್ವವಿದ್ಯಾಲಯದವರು ತಪ್ಪೇ ಮಾಡಲ್ಲ ಅಂತ ನಾನು ಹೇಳಲ್ಲ. ಆಗ ತೀರಿಕೊಂಡ ಏಳು ಮಕ್ಕಳ ಸಾವಿಗೆ ಲಸಿಕೆ ಕಾರಣ ಅಂತ ವಿಚಾರಣೆಯಲ್ಲಿ ಕಂಡುಬರಲಿಲ್ಲ. ಆದರೆ ಒಪ್ಪಿಗೆ ತೆಗೆದುಕೊಂಡ ರೀತಿ ತಪ್ಪು ಅಂತ ಸ್ಪಷ್ಟವಾಗಿ ಬಂತು. ಅಂಥದ್ದೆಲ್ಲ ನಡೆದ ಮೇಲೆಯೇ ನಿಯಮ ಬಿಗಿಯಾಗಿದ್ದು. 2013ರಲ್ಲಿ ಸುಪ್ರೀಂ ಕೋರ್ಟು ಒಪ್ಪಿಗೆಯ ವಿಡಿಯೋ ಮಾಡಿ ಅಂತ ಹೇಳಿತು. 2019ರಲ್ಲಿ ಹೊಸ ನಿಯಮಾವಳಿಯೇ ಬಂತು.

ವಕೀಲ ಮಾವ
ಸ್ವಲ್ಪ ಸೇರಿಸುತ್ತೇನೆ. ವಿಡಿಯೋ ಎಲ್ಲದಕ್ಕೂ ಕಡ್ಡಾಯವಲ್ಲ. ಹೊಸ ಔಷಧದ ಟ್ರಯಲ್‌ಗೆ ಸೇರುವ ದುರ್ಬಲ ವರ್ಗದವರಿಗೆ ಮುಖ್ಯವಾಗಿ ಅನ್ವಯಿಸುತ್ತದೆ. ಈ ಹೆಣ್ಣುಮಗಳ ತಂದೆಯದ್ದು ಆಗಲೇ ಮಾರುಕಟ್ಟೆಯಲ್ಲಿರುವ ಮಾತ್ರೆ. ಕಾಲೇಜಿನವರೇ, ಮಾರಾಟದ ಉದ್ದೇಶ ಇಲ್ಲದೆ ನಡೆಸುವ ಇಂಥದ್ದನ್ನು 2019ರ ನಿಯಮದಲ್ಲಿ ಅಕಾಡೆಮಿಕ್ ಟ್ರಯಲ್ ಅನ್ನುತ್ತಾರೆ. ಇದಕ್ಕೆ ದೆಹಲಿಯ ಔಷಧ ನಿಯಂತ್ರಕರ ಅನುಮತಿ ಸಾಮಾನ್ಯವಾಗಿ ಬೇಕಿಲ್ಲ, ರೋಗಿಗಳ ಹಿತ ನೋಡುವ ಎಥಿಕ್ಸ್ ಕಮಿಟಿ ಒಪ್ಪಿದರೆ ಸಾಕು. ಅದಕ್ಕೇ ಹೇಳುವುದು, ಆ ಕಮಿಟಿ ಗಟ್ಟಿ ಇರಬೇಕು.

ಕಮಿಟಿಯಲ್ಲಿ ಕನಿಷ್ಠ 7 ಜನ ಇರಬೇಕು. ಅರ್ಧದಷ್ಟಾದರೂ ಆ ಸಂಸ್ಥೆಗೆ ಸಂಬಂಧ ಇಲ್ಲದ ಹೊರಗಿನವರು. ಡಾಕ್ಟರುಗಳ ಜೊತೆಗೆ ಒಬ್ಬ ಕಾನೂನು ತಿಳಿದವರು, ಒಬ್ಬ ಸಾಮಾನ್ಯ ಪ್ರಜೆ, ಒಬ್ಬ ಮಹಿಳೆ ಇರಲೇಬೇಕು. ನಾನು ಆರು ವರ್ಷ ಒಂದು ಕಮಿಟಿಯಲ್ಲಿ ಕೂತಿದ್ದೆ. ನಮ್ಮಲ್ಲಿ ಸಾಮಾನ್ಯ ಪ್ರಜೆಯಾಗಿ ಬರುತ್ತಿದ್ದವರು ನಿವೃತ್ತ ಪೋಸ್ಟ್ ಮಾಸ್ಟರ್. ಫಾರಂ ಜೋರಾಗಿ ಓದಿಸುತ್ತಿದ್ದರು. ಓದುವವರು ಎಲ್ಲಿ ತಡವರಿಸಿದರೋ ಅಲ್ಲಿ ಪೆನ್ಸಿಲ್‌ನಲ್ಲಿ ಗೆರೆ ಹಾಕಿ, ‘ಇದನ್ನು ಬದಲಿಸಿಕೊಂಡು ಬನ್ನಿ’ ಅನ್ನುತ್ತಿದ್ದರು. ಒಂದು ಫಾರಂ ಮೂರು ಸಲ ವಾಪಸ್ ಹೋಯಿತು. ನಾನು ಹಿಡಿಯದ ತಪ್ಪುಗಳನ್ನು ಆ ಹಿರಿಯರು ಹಿಡಿದಿದ್ದಾರೆ.

ಕನ್ನಡ ಮೇಷ್ಟ್ರು
ಆ ಪೋಸ್ಟ್ ಮಾಸ್ಟರಿಗೆ ನನ್ನದೊಂದು ನಮಸ್ಕಾರ. ‘ಯಾದೃಚ್ಛಿಕ’ ಅಂತ ಬರೆದರೆ ಯಾರಿಗೆ ಅರ್ಥ ಆಗಬೇಕು? ಚೀಟಿ ಎತ್ತುವುದು ಅಂತ ನಮಗೆ ಸೊಗಸಾದ ಮಾತಿದೆ. ‘ನೀವು ಯಾವ ಗುಂಪಿಗೆ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ತೀರ್ಮಾನಿಸುತ್ತದೆ, ಡಾಕ್ಟರಲ್ಲ’ ಅಂದರೆ ಮುಗಿಯಿತು.

ಬಯಲುಸೀಮೆ ಬಸವ
ನಮ್ಮ ಕಡೆ ಚೀಟಿ ಅಂದ್ರೆ ಚೀಟಿ ವ್ಯವಹಾರ ಅಂದ್ಕೋತಾರೆ ಸರ್.

ಕನ್ನಡ ಮೇಷ್ಟ್ರು
ಹಾಗಾದರೆ ‘ಲಾಟರಿ ಎತ್ತಿದ ಹಾಗೆ’ ಅನ್ನಿ. ಪ್ರಾಥಮಿಕ ಶಾಲೆ ಓದಿದವರಿಗೂ ಒಂದೇ ಓದಿಗೆ ತಿಳಿಯಬೇಕು, ನನ್ನ ಹಟ ಅಷ್ಟೇ.

ಕೋಆರ್ಡಿನೇಟರ್ ಅಕ್ಕ
ನಾನು ಬಾಯಲ್ಲಿ ಹೇಳುವಾಗ ‘ಟಾಸ್ ಹಾಕಿದ ಹಾಗೆ’ ಅಂತೀನಿ. ಕ್ರಿಕೆಟ್ ನೋಡದವರು ಯಾರಿದ್ದಾರೆ.

ಸೀದಾ ಮಾತು
ಟಾಸ್ ಹಾಕಿ ಮನುಷ್ಯರ ಚಿಕಿತ್ಸೆ ತೀರ್ಮಾನ ಮಾಡೋದೇ ನನಗೆ ಹಿಡಿಸ್ತಿಲ್ಲ. ಡಾಕ್ಟರಿಗೆ ಯಾವುದು ಒಳ್ಳೇದು ಅಂತ ಗೊತ್ತಿರಲ್ವಾ?

ಹೃದಯದ ಹುಡುಗ
ನಾನು ಕಾರ್ಡಿಯಾಲಜಿ ಓದುತ್ತಿದ್ದೇನೆ. ಈ ವಿಷಯದಲ್ಲಿ ನಿಜಕ್ಕೂ ಗೊತ್ತಿಲ್ಲ ಸರ್. ಅಟ್ಯಾಕ್ ಆದವರಿಗೆಲ್ಲ ಬೀಟಾ ಬ್ಲಾಕರ್ ಕೊಡಬೇಕು ಅಂತ ಬಂದದ್ದು ಹಳೇ ಕಾಲದ ಟ್ರಯಲ್‌ಗಳಿಂದ. ಆಗ ಸ್ಟೆಂಟ್ ಇರಲಿಲ್ಲ. ಈಗಿನ ರೋಗಿಗೆ ಅದೇ ಲೆಕ್ಕ ಹಿಡಿಯುತ್ತದಾ ಅನ್ನುವುದೇ ಪ್ರಶ್ನೆ.

2024ರಲ್ಲಿ ಎರಡು ಫಲಿತಾಂಶ ಬಂದವು. ಒಂದು ಸ್ವೀಡನ್‌ನವರು ಮುಂದೆ ನಿಂತು ನಡೆಸಿದ್ದು, 5,020 ಜನ, ಪಂಪಿಂಗ್ ಚೆನ್ನಾಗಿದ್ದವರು. ಅಟ್ಯಾಕ್ ಆದ ಹೊಸದರಲ್ಲೇ ಅರ್ಧ ಜನರಿಗೆ ಬೀಟಾ ಬ್ಲಾಕರ್ ಶುರು ಮಾಡಿದರು, ಉಳಿದವರಿಗೆ ಕೊಡಲಿಲ್ಲ. ಸಾವು ಅಥವಾ ಇನ್ನೊಂದು ಅಟ್ಯಾಕ್ ಆದವರು ಮಾತ್ರೆ ಗುಂಪಿನಲ್ಲಿ ನೂರಕ್ಕೆ 7.9, ಇಲ್ಲದ ಗುಂಪಿನಲ್ಲಿ 8.3. ಹೆಚ್ಚು ಕಡಿಮೆ ಒಂದೇ. ಇನ್ನೊಂದು ಫ್ರಾನ್ಸ್‌ನದ್ದು, 3,698 ಜನ. ಅದರಲ್ಲಿ ಆಗಲೇ ನುಂಗುತ್ತಿದ್ದವರಿಗೆ ನಿಲ್ಲಿಸಿದರು. ನಿಲ್ಲಿಸಿದವರಲ್ಲಿ ನೂರಕ್ಕೆ 23.8 ಜನರಿಗೆ ಏನಾದರೊಂದು ತೊಂದರೆ, ಮುಂದುವರಿಸಿದವರಲ್ಲಿ 21.1. ಆ ವ್ಯತ್ಯಾಸ ಹೆಚ್ಚಾಗಿ ಆಸ್ಪತ್ರೆಗೆ ಸೇರಿದವರಿಂದ ಬಂದದ್ದು, ಸಾವಿನಿಂದಲ್ಲ. ಒಂದು ಹೀಗಂದರೆ ಇನ್ನೊಂದು ಹಾಗೆ. ಎರಡು ಕಡೆಗೂ ತಕ್ಕಡಿ ಸಮ ಇದ್ದಾಗ ಮಾತ್ರ ಟಾಸ್ ಹಾಕುವುದು ಸರಿ. ಒಂದು ಕಡೆ ಒಳ್ಳೆಯದು ಅಂತ ಗೊತ್ತಿದ್ದೂ ಟಾಸ್ ಹಾಕಿದರೆ ಅದು ತಪ್ಪು.

ತಂಗಿ, ಒಂದು ಮಾತು. ಫ್ರಾನ್ಸ್ ಫಲಿತಾಂಶದ ಬಗ್ಗೆ ನಿಮ್ಮ ಡಾಕ್ಟರನ್ನು ನೇರವಾಗಿ ಕೇಳಿ. ಅದು ಗೊತ್ತಿದ್ದೂ ಯಾಕೆ ಈ ಸ್ಟಡಿ ಮಾಡುತ್ತಿದ್ದೀರಿ ಅಂತ. ಅವರು ಸಮಾಧಾನದಿಂದ ಹೇಳಬೇಕು. ಇದನ್ನೆಲ್ಲ ಓದಿ ಇಲ್ಲಿ ಯಾರೂ ತಾವಾಗಿ ಮಾತ್ರೆ ನಿಲ್ಲಿಸಬೇಡಿ. ಬೀಟಾ ಬ್ಲಾಕರ್ ದಿಢೀರ್ ನಿಲ್ಲಿಸಿದರೆ ಹೃದಯಕ್ಕೆ ಅಪಾಯ.

ತೋಟದಮನೆ ಮಗಳು
ಇದನ್ನು ಪ್ರಿಂಟ್ ತೆಗೆದು ಅಪ್ಪನಿಗೆ ಓದಿ ಹೇಳ್ತೀನಿ. ತುಂಬಾ ಥ್ಯಾಂಕ್ಸ್ ಅಣ್ಣ.

ಬೆಳಗಾವಿ ಸಿಸ್ಟರ್
ನಾನು ನಿವೃತ್ತ ನರ್ಸ್. ಆಕ್ಸ್‌ಫರ್ಡ್, ಸ್ವೀಡನ್ ಅಂತ ಎಲ್ಲಿಗೋ ಹೋದಿರಿ, ನಮ್ಮ ಬೆಳಗಾವಿ ಮರೆತೇಬಿಟ್ಟಿರಲ್ರೀ!

2002ರಿಂದ 2005ರವರೆಗೆ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಟ್ರಯಲ್ ನಡೆಯಿತು. ಇಲ್ಲಿನ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜು ಮತ್ತು ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದವರು ಸೇರಿ ಮಾಡಿದ್ದು. ಹೆರಿಗೆಯಾದ ಮೇಲೆ ರಕ್ತ ಹೋಗಿ ಬಾಣಂತಿಯರು ಸಾಯುತ್ತಿದ್ದ ಕಾಲ. ರಕ್ತ ತಡೆಯಲು ಆಕ್ಸಿಟೋಸಿನ್ ಇಂಜೆಕ್ಷನ್ ಇತ್ತು, ಆದರೆ ಅದನ್ನು ತಂಪಿನಲ್ಲಿ ಇಡಬೇಕು, ಚುಚ್ಚಲು ಬರಬೇಕು. ಮನೆಯಲ್ಲಿ ಹೆರಿಗೆ ಮಾಡಿಸುವ ಹಳ್ಳಿ ನರ್ಸ್, ಅಂದರೆ ಎಎನ್‌ಎಂ ಹತ್ತಿರ ಏನಿತ್ತು? ಅದಕ್ಕೇ ಮಿಸೊಪ್ರೊಸ್ಟಾಲ್ ಅನ್ನುವ ಮಾತ್ರೆ ಕೊಟ್ಟು ನೋಡಿದರು. ಬಿಸಿಲಿಗೂ ಕೆಡಲ್ಲ, ನುಂಗಿದರೆ ಆಯಿತು. 1,620 ಹೆಂಗಸರು ಸೇರಿದರು. ಅರ್ಧ ಜನರಿಗೆ ಮಾತ್ರೆ, ಅರ್ಧ ಜನರಿಗೆ ನೋಡಲು ಹಾಗೇ ಇರುವ, ಔಷಧವಿಲ್ಲದ ಮಾತ್ರೆ. ಹೆಚ್ಚು ರಕ್ತ ಹೋದವರು ನೂರಕ್ಕೆ 12ರಿಂದ 6.4ಕ್ಕೆ ಇಳಿದರು. ಸುಮಾರು ಅರ್ಧಕ್ಕರ್ಧ!

ರಕ್ತ ಅಳೆಯುವುದು ಹೇಗೆ ಗೊತ್ತಾ? ಮೊದಲು ಕಣ್ಣಂದಾಜು. ಬಟ್ಟೆ ನೆನೆದದ್ದು ನೋಡಿ ‘ಇಷ್ಟಿರಬೇಕು’ ಅನ್ನುತ್ತಿದ್ದೆವು, ಯಾವಾಗಲೂ ಕಡಿಮೆಯೇ ಅಂದಾಜು ಆಗುತ್ತಿತ್ತು. ಈ ಟ್ರಯಲ್‌ಗಾಗಿ ಒಂದು ಪ್ಲಾಸ್ಟಿಕ್ ಹಾಳೆ ಮಾಡಿದರು. ಮಗು ಹೊರಗೆ ಬಂದ ಕೂಡಲೇ ತಾಯಿಯ ಕೆಳಗೆ ಹಾಸಿ, ಪಟ್ಟಿಯನ್ನು ಸೊಂಟಕ್ಕೆ ಕಟ್ಟುವುದು. ಕೆಳತುದಿಯಲ್ಲಿ ಆಲಿಕೆ ಹಾಗೆ ಇಳಿಬಿದ್ದ ಚೀಲ, ಅದರ ಮೇಲೆ ಅಳತೆ ಗೆರೆಗಳು. ರಕ್ತ ಚೀಲಕ್ಕೆ ಇಳಿಯುತ್ತೆ, ಬಗ್ಗಿ ಗೆರೆ ನೋಡಿದರೆ ಲೆಕ್ಕ ಸಿಕ್ಕಿತು. 500 ಮಿ.ಲೀ. ಗೆರೆ ಮುಟ್ಟಿದರೆ ಓಡಬೇಕು. ಮುಂದೆ ನಾನೂ ಹೆರಿಗೆ ವಾರ್ಡಿನಲ್ಲಿ ಇಂಥ ಹಾಳೆ ಬಳಸಿದ್ದೇನೆ. ಆ ಗೆರೆ ನೋಡಿದ ಮೇಲೆ ಕಣ್ಣಂದಾಜನ್ನು ಮತ್ತೆ ನಂಬಲಾಗಲಿಲ್ಲ.

ಅಂಥದ್ದೇ ಅಳತೆ ಹಾಳೆ ಆಮೇಲೆ ಎಲ್ಲಿಗೆ ಹೋಯಿತು ನೋಡಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ದೊಡ್ಡ ಟ್ರಯಲ್ ಮಾಡಿದರು, 2 ಲಕ್ಷಕ್ಕೂ ಹೆಚ್ಚು ಹೆರಿಗೆ. 2023ರಲ್ಲಿ ಫಲಿತಾಂಶ ಬಂತು. ಅಳತೆ ಹಾಳೆ ಹಾಸಿ, ರಕ್ತಸ್ರಾವ ಬೇಗ ಗುರುತಿಸಿ, ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೇ ಕೊಟ್ಟರೆ, ತೀವ್ರ ಸ್ರಾವದಂಥ ಗಂಡಾಂತರ ನೂರಕ್ಕೆ 4.3ರಿಂದ 1.6ಕ್ಕೆ ಇಳಿಯಿತು. ನಮ್ಮ ಹಳ್ಳಿಯ ಹೆಂಗಸರು ಅವತ್ತು ‘ಆಯ್ತು’ ಅಂದಿದ್ದಕ್ಕೆ ಬೆಲೆ ಬಂತು ಅಂತ ಓದುವಾಗ ನನಗೆ ಕಣ್ಣು ತುಂಬಿ ಬಂತು.

ಮಂಗಳೂರು ಮೀನು
ಸಿಸ್ಟರ್, ಇದು ನನಗೆ ಗೊತ್ತೇ ಇರಲಿಲ್ಲ. ರೋಮಾಂಚನ ಆಯ್ತು.

ಸೀದಾ ಮಾತು
ಹಾಳೆ ಒಳ್ಳೆಯದೇ, ಒಪ್ಪಿದೆ. ಆದರೆ ಅರ್ಧ ಬಾಣಂತಿಯರಿಗೆ ಔಷಧವಿಲ್ಲದ ಮಾತ್ರೆ ಕೊಟ್ಟಿದ್ದು ಸರಿಯಾ ಸಿಸ್ಟರ್?

ಬೆಳಗಾವಿ ಸಿಸ್ಟರ್
ಆ ಪ್ರಶ್ನೆ ಆಗಲೇ ಎದ್ದಿತ್ತು, ಡಾಕ್ಟರುಗಳ ನಡುವೆಯೂ ವಾದ ಆಗಿದೆ. ಆ ಕಾಲಕ್ಕೆ ಹಳ್ಳಿಯ ಎಎನ್‌ಎಂ ರಕ್ತ ತಡೆಯಲು ಯಾವ ಔಷಧವನ್ನೂ ಕೊಡುವ ಹಾಗಿರಲಿಲ್ಲ. ಟ್ರಯಲ್ ಇಲ್ಲದಿದ್ದರೂ ಅವರಿಗೆ ಏನೂ ಸಿಗುತ್ತಿರಲಿಲ್ಲ. ಈಗ ಯಾರಾದರೂ ಹಾಗೆ ಮಾಡಿದರೆ ನಾನೇ ಜಗಳಕ್ಕೆ ನಿಲ್ಲುತ್ತೇನೆ, ಯಾಕೆಂದರೆ ಈಗ ಉತ್ತರ ಗೊತ್ತಿದೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಮಾತ್ರೆಯನ್ನು ಇದೇ ಕೆಲಸಕ್ಕೆ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಹಳೇಬೀಡು ಹರಟೆ
ಟ್ರಯಲ್‌ಗೆ ಇಷ್ಟೊಂದು ಜನ ಯಾಕೆ ಬೇಕು? ನೂರು ಜನರ ಮೇಲೆ ನೋಡಿದರೆ ಸಾಲಲ್ವಾ?

ಹೃದಯದ ಹುಡುಗ
ಸಾಲಲ್ಲ. ಇದಕ್ಕೊಂದು ಪ್ರಸಿದ್ಧ ಕಥೆ ಇದೆ. ಆಕ್ಸ್‌ಫರ್ಡ್‌ನವರು ನಡೆಸಿದ ಐಸಿಸ್-2 ಅನ್ನುವ ಟ್ರಯಲ್, 1988ರಲ್ಲಿ ಪ್ರಕಟವಾಯಿತು. ಅಟ್ಯಾಕ್ ಆದ 17,187 ಜನ. ಒಂದು ತಿಂಗಳು ಆಸ್ಪಿರಿನ್ ಕೊಟ್ಟರೆ ಸಾವು ಸುಮಾರು ಕಾಲು ಭಾಗ ಕಡಿಮೆ ಅಂತ ಗೊತ್ತಾಯಿತು. ಇವತ್ತು ಎದೆನೋವು ಅಂತ ಹೋದ ಕೂಡಲೇ ಆಸ್ಪಿರಿನ್ ಅಗಿಯಲು ಕೊಡುವುದು ಅದರಿಂದಲೇ. ಆ ಜನರನ್ನೇ ಹುಟ್ಟಿದ ರಾಶಿ ಪ್ರಕಾರ ಬೇರೆ ಮಾಡಿ ನೋಡಿದರು. ಮಿಥುನ, ತುಲಾ ರಾಶಿಯವರಿಗೆ ಆಸ್ಪಿರಿನ್‌ನಿಂದ ಉಪಯೋಗವೇ ಇಲ್ಲ ಅಂತ ಬಂತು! ಸಣ್ಣ ಗುಂಪು ಮಾಡಿದರೆ ಲೆಕ್ಕ ಹೀಗೆ ದಾರಿ ತಪ್ಪಿಸುತ್ತೆ ಅಂತ ತೋರಿಸಲಿಕ್ಕೇ ಅದನ್ನು ಅಚ್ಚು ಹಾಕಿಸಿದರು.

ಹಳೇಬೀಡು ಹರಟೆ
ನನ್ನದು ತುಲಾ ರಾಶಿ. ಆಸ್ಪಿರಿನ್ ನುಂಗ್ತಿದ್ದೀನಿ, ಮುಂದುವರಿಸ್ತೀನಿ ಹಾಗಾದ್ರೆ.

ಹೃದಯದ ಹುಡುಗ
ಡಾಕ್ಟರು ಬರೆದಿದ್ದರೆ ಖಂಡಿತ ಮುಂದುವರಿಸಿ ಸರ್.

ಜಯನಗರ ಅಜ್ಜಿ ಮೊಮ್ಮಗ
ಐಸಿಸ್ ಅಂದ ಕೂಡಲೇ ನೆನಪಾಯಿತು. ಆ ಸರಣಿಯ ಮೊದಲ ಟ್ರಯಲ್ ನಡೆಸುವುದರಲ್ಲಿ ಸಲೀಂ ಯೂಸುಫ್ ಇದ್ದರು. ಕೇರಳದವರು, ಆದರೆ ಎಂಬಿಬಿಎಸ್ ಓದಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ.

ಗದಗ ಗೆಳೆಯ
ನಮ್ಮ ದೊಡ್ಡಮ್ಮನ ಅನುಭವ ಹೇಳ್ತೀನಿ, ಆಸ್ಪತ್ರೆ ಹೆಸರು ಬೇಡ. ಆಪರೇಷನ್‌ಗೆ ಒಳಗೆ ಕರೆದೊಯ್ಯುವ ಹೊತ್ತಿಗೆ, ಸ್ಟ್ರೆಚರ್ ಮೇಲೆ ಮಲಗಿದ್ದಾಗ, ಒಬ್ಬ ಹುಡುಗ ಬಂದು ‘ಇಲ್ಲಿ ಹೆಬ್ಬೆಟ್ಟು ಒತ್ತಿ’ ಅಂದ. ಆಪರೇಷನ್ ಕಾಗದ ಅಂದುಕೊಂಡು ಒತ್ತಿದರು. ತಿಂಗಳಾದ ಮೇಲೆ ಫೋನ್ ಬಂದಾಗ ಗೊತ್ತಾಯಿತು, ಸ್ಟಡಿಗೆ ಸೇರಿಸಿದ್ದಾರೆ ಅಂತ. ತೊಂದರೆ ಏನೂ ಆಗಲಿಲ್ಲ. ಆದರೆ ಕೇಳಲಿಲ್ಲವಲ್ಲ ಅನ್ನುವ ನೋವು ದೊಡ್ಡಮ್ಮನಿಗೆ ಇನ್ನೂ ಇದೆ.

ವಕೀಲ ಮಾವ
ಇದು ದೊಡ್ಡ ತಪ್ಪು. ಓದಲು ಬಾರದವರಾದರೆ ಟ್ರಯಲ್‌ಗೆ ಸಂಬಂಧ ಇಲ್ಲದ ಒಬ್ಬ ಸಾಕ್ಷಿಯ ಎದುರು ಪೂರ್ತಿ ಓದಿ ಹೇಳಿ, ಆ ಸಾಕ್ಷಿಯ ಸಹಿಯನ್ನೂ ತೆಗೆದುಕೊಳ್ಳಬೇಕು. ಒಂದು ಪ್ರತಿ ರೋಗಿಗೆ ಕೊಡಬೇಕು. ಎಥಿಕ್ಸ್ ಕಮಿಟಿಗೆ ಈಗಲೂ ಕಾಗದ ಬರೆಯಬಹುದು, ಬರೆಯಿರಿ. ಕರಡು ಬೇಕಾದರೆ ನಾನು ಮಾಡಿಕೊಡುತ್ತೇನೆ.

ಗದಗ ಗೆಳೆಯ
ಬೇಕು ಸರ್. ಮೆಸೇಜ್ ಮಾಡ್ತೀನಿ.

ಕೋಆರ್ಡಿನೇಟರ್ ಅಕ್ಕ
ಗದಗದ ತಮ್ಮ, ಓದಿ ಹೊಟ್ಟೆ ಉರಿಯಿತು. ನಮ್ಮ ಕೆಲಸದವರೇ ಹೀಗೆ ಮಾಡಿದರೆ ಜನ ಯಾಕೆ ನಂಬಬೇಕು?

ತೋಟದಮನೆ ತಂಗಿ, ನೀವು ಮನೆಯಲ್ಲೇ ಕೂತು ಒಂದು ಕೆಲಸ ಮಾಡಿ. ಫಾರಂ ಮೇಲೆ ಸಿಟಿಆರ್‌ಐ ಅಂತ ಶುರುವಾಗುವ ನಂಬರ್ ಇದೆಯಾ ನೋಡಿ. ಟ್ರಯಲ್‌ಗಳಿಗಾಗಿ 2007ರಿಂದ ಇರುವ ಸರ್ಕಾರದ ನೋಂದಣಿ ಅದು, ಯಾರು ಬೇಕಾದರೂ ವೆಬ್‌ಸೈಟಿನಲ್ಲಿ ನೋಡಬಹುದು. ಪ್ರಾಯೋಜಕರು ಯಾರು, ದುಡ್ಡು ಯಾರದ್ದು, ಎಥಿಕ್ಸ್ ಕಮಿಟಿ ಒಪ್ಪಿದೆಯಾ, ಮೂರೂ ಬೇರೆ ಬೇರೆ ಜಾಗದಲ್ಲಿ ಬರೆದಿರುತ್ತೆ. ದುಡ್ಡಿನ ಜಾಗದಲ್ಲಿ ಕಂಪನಿ ಇದ್ದರೆ ಹೆದರಬೇಕಿಲ್ಲ, ಆದರೆ ಫಾರಂನಲ್ಲೂ ಅದನ್ನು ಹೇಳಿರಬೇಕು.

ಆಮೇಲೆ ಕೇಳಬೇಕಾದ್ದು, ಟ್ರಯಲ್‌ನಿಂದಲೇ ತೊಂದರೆಯಾದರೆ ಚಿಕಿತ್ಸೆ ಖರ್ಚು ಯಾರು ನೋಡ್ತಾರೆ, ಪರಿಹಾರ ಯಾರು ಕೊಡ್ತಾರೆ? ಪ್ರಾಯೋಜಕರು ವಿಶ್ವವಿದ್ಯಾಲಯವಾದರೂ ಕೊಡಲೇಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲಿ ಅದಿದೆ. ಕಂಪನಿಗೆ ಇರುವಷ್ಟು ದುಡ್ಡು ಕಾಲೇಜಿಗೆ ಇರಲ್ಲ. ಆದ್ದರಿಂದ ‘ವಿಮೆ ಮಾಡಿಸಿದ್ದೀರಾ, ಇಲ್ಲಾ ನಿಧಿ ಇಟ್ಟಿದ್ದೀರಾ’ ಅಂತ ಬಿಡಿಸಿ ಕೇಳಿ. ಸಂಕೋಚ ಬೇಡ. ಸಹಿ ಹಾಕಿದ ಮೇಲೂ ಯಾವತ್ತು ಬೇಕಾದರೂ ಹೊರಗೆ ಬರಬಹುದು, ಕಾರಣ ಹೇಳಬೇಕಿಲ್ಲ, ಅಪ್ಪನ ಮಾಮೂಲಿ ಚಿಕಿತ್ಸೆ ನಿಲ್ಲುವ ಹಾಗಿಲ್ಲ.

ತೋಟದಮನೆ ಮಗಳು (ಹತ್ತು ದಿನದ ನಂತರ)
ಎಲ್ಲರಿಗೂ ಸುದ್ದಿ ಹೇಳಲೇಬೇಕು. ನಂಬರ್ ಹಾಕಿ ನೋಡಿದೆ, ಎಲ್ಲ ಇದೆ. ಪ್ರಾಯೋಜಕರು ವಿಶ್ವವಿದ್ಯಾಲಯ, ದುಡ್ಡು ಸರ್ಕಾರದ ಅನುದಾನ. ವಿಮೆ ಬಗ್ಗೆ ಕೇಳಿದ್ದಕ್ಕೆ ಪಾಲಿಸಿ ಕಾಗದವನ್ನೇ ತೋರಿಸಿದರು. ಫ್ರಾನ್ಸ್ ಬಗ್ಗೆ ಕೇಳಿದಾಗ ಡಾಕ್ಟರು ಕುರ್ಚಿ ಎಳೆದು ಕೂತು ಇಪ್ಪತ್ತು ನಿಮಿಷ ಮಾತಾಡಿದರು. ಅಲ್ಲಿನವರ ವಯಸ್ಸು, ಮಾತ್ರೆ, ಜೀವನ ಎಲ್ಲ ಬೇರೆ, ನಮ್ಮವರ ಲೆಕ್ಕ ನಮ್ಮ ಹತ್ತಿರ ಇಲ್ಲ ಅಂದರು. ಅಪಾಯ ಇಲ್ಲವೇ ಇಲ್ಲ ಅಂತ ಹೇಳಲಿಲ್ಲ. ಅದು ಅಪ್ಪನಿಗೆ ಹಿಡಿಸಿತು.

ಅಪ್ಪ ಕೇಳಿದ್ದು ಒಂದೇ. ‘ರಾತ್ರಿ ಎದೆನೋವು ಬಂದರೆ ಯಾರಿಗೆ ಫೋನ್ ಮಾಡಲಿ?’ ಫಾರಂ ಮೇಲಿದ್ದ ನಂಬರ್ ತೋರಿಸಿದರು. ಅವತ್ತು ರಾತ್ರಿ ಹತ್ತೂವರೆಗೆ ಅಪ್ಪ ಸುಮ್ನೆ ಆ ನಂಬರ್‌ಗೆ ಫೋನ್ ಮಾಡಿದರು, ಎತ್ತುತ್ತಾರಾ ನೋಡೋಣ ಅಂತ. ಎರಡನೇ ರಿಂಗಿಗೆ ಎತ್ತಿದರು. ಮರುದಿನ ಅಮ್ಮನೇ ‘ಹೋಗಿ ಸಹಿ ಹಾಕಿ ಬನ್ನಿ’ ಅಂದರು.

ಕಂಪ್ಯೂಟರ್ ‘ಮುಂದುವರಿಸುವ ಗುಂಪು’ ಅಂತು. ಒಂದು ಮಾತ್ರೆಯಾದರೂ ಕಡಿಮೆ ಆಗುತ್ತೆ ಅಂದುಕೊಂಡಿದ್ದ ಅಪ್ಪನಿಗೆ ಸ್ವಲ್ಪ ಬೇಜಾರು. ನನಗೆ ನೆಮ್ಮದಿ.

ಬೆಳಗಾವಿ ಸಿಸ್ಟರ್
ಅಪ್ಪನಿಗೆ ಹೇಳವ್ವ, ಮುಂದುವರಿಸುವವರು ಇಲ್ಲದಿದ್ದರೆ ನಿಲ್ಲಿಸಿದವರನ್ನು ಯಾರ ಜೊತೆ ಹೋಲಿಸಿ ನೋಡ್ತಾರೆ? ಅವರ ಕೆಲಸವೂ ಅಷ್ಟೇ ದೊಡ್ಡದು.

ಸೀದಾ ಮಾತು
ನಾನಾಗಿದ್ದರೆ ಈಗಲೂ ಸೇರುತ್ತಿರಲಿಲ್ಲ. ಆದರೆ ರಾತ್ರಿ ಫೋನ್ ಮಾಡಿ ನೋಡಿದ ನಿಮ್ಮಪ್ಪನ ಬಗ್ಗೆ ಗೌರವ ಬಂತು. ಚೆನ್ನಾಗಿರಲಿ.

ಬಯಲುಸೀಮೆ ಬಸವ
ಚೆಕಪ್‌ಗೆ ಹೋಗಿ ಬರುವ ಬಸ್ ಚಾರ್ಜ್ ಕೊಡ್ತಾರಾ?

ತೋಟದಮನೆ ಮಗಳು
ಕೊಡ್ತಾರೆ ಅಣ್ಣ, ಟಿಕೆಟ್ ಇಟ್ಟುಕೊಳ್ಳಬೇಕಂತೆ. ಅಪ್ಪ ಮೊದಲನೇ ಟಿಕೆಟ್ಟನ್ನು ಫಾರಂ ಪ್ರತಿಯ ಜೊತೆಗೇ ಪಿನ್ ಮಾಡಿ ಇಟ್ಟಿದ್ದಾರೆ.